ನವಣೆಯಿಂದ ಗರಿಯವರೆಗೆ: ಪ್ರದರ್ಶನದ ಬಡ್ಜಿ ಹಕ್ಕಿಗಳ ಮೇವಿನ ಕಥೆ



ಯಶವಂತಪುರದ ಎಪಿಎಂಸಿ ಯಾರ್ಡಿನ ದವಸದ ಮಂಡಿಗಳ ಕಡೆ ಓಡಾಡಿದವರಿಗೆ ಗೊತ್ತು, ಸಿರಿಧಾನ್ಯಗಳಿಗೆ ಈಗ ಎಂಥ ಮರ್ಯಾದೆ ಬಂದಿದೆ ಎಂದು. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನವಣೆ ಎಂದರೆ ಹಕ್ಕಿಕಾಳು, ಅಷ್ಟೇ. ಅಡುಗೆಮನೆಯಿಂದ ಹೊರಟುಹೋಗಿದ್ದ ಆ ಧಾನ್ಯವನ್ನು ಕಾಲು ಕಿಲೋ, ಅರ್ಧ ಕಿಲೋ ಎಂದು ಕೊಳ್ಳುತ್ತಿದ್ದವರು ಮನೆಯಲ್ಲಿ ಲವ್ ಬರ್ಡ್ಸ್ ಸಾಕಿದವರು. ಲವ್ ಬರ್ಡ್ಸ್ ಎಂದು ನಾವು ಕರೆಯುವ ಆ ಹಸಿರು, ಹಳದಿ, ನೀಲಿ ಪುಟ್ಟ ಗಿಳಿಗಳೇ ಬಜರಿಗಾರ್‌ಗಳು. ಸಾಕುವವರ ಬಾಯಲ್ಲಿ ಬಡ್ಜಿ. ಅವುಗಳಲ್ಲಿ ಪ್ರದರ್ಶನಕ್ಕೆಂದೇ ಬೆಳೆಸುವ ದಪ್ಪ ತಲೆಯ, ತುಂಬು ಗರಿಯ ತಳಿಯೊಂದಿದೆ. ಆ ಗರಿ ಚೆನ್ನಾಗಿ ಬರಲು ಏನು ತಿನ್ನಿಸಬೇಕು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಇವತ್ತಿನ ಮಾತು ಅದರ ಬಗ್ಗೆ.

ಹಕ್ಕಿ ಸಾಕಿ ಕಣಕ್ಕಿಳಿಸುವ ಹವ್ಯಾಸ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ಪೈಕಿ ಕೋಳಿ ಅಂಕವೂ ಇದೆ, ಲಾವುಗೆ ಹಕ್ಕಿಗಳ ಕಾಳಗವೂ ಇದೆ. ಬಡ್ಜಿ ಮಾತ್ರ ನಮ್ಮದಲ್ಲ, ಅದು ಆಸ್ಟ್ರೇಲಿಯದ ಒಣ ನಾಡಿನ ಹಕ್ಕಿ. 1805ರಲ್ಲಿ ಜಾರ್ಜ್ ಶಾ ಅದನ್ನು ಮೊದಲು ವರ್ಣಿಸಿದರು. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದರು. ಅದರ ಹುಟ್ಟೂರಿನ ಊಟ ನೆನಪಿಟ್ಟುಕೊಳ್ಳಬೇಕಾದದ್ದು: ಮಳೆ ಬಿದ್ದ ಕಡೆಗೆ ಹಿಂಡುಹಿಂಡಾಗಿ ಹಾರಿಹೋಗಿ, ನೆಲದ ಮೇಲೆ ನಡೆದಾಡುತ್ತಾ ಹುಲ್ಲಿನ ಬೀಜ ತಿನ್ನುವುದು. ಒಂದೇ ಹುಲ್ಲಲ್ಲ, ಹತ್ತಾರು ಬಗೆಯವು. ಮರಿ ಮಾಡುವುದೂ ಮಳೆಯ ಹಿಂದೆಯೇ, ಅಂದರೆ ಹುಲ್ಲು ತೆನೆಯೊಡೆದು ಎಳೆ ಕಾಳು ಹಾಲುತುಂಬಿರುವ ಹೊತ್ತಿನಲ್ಲಿ.

ಯೂರೋಪಿನ ಪಂಜರದಲ್ಲಿ ಅದಕ್ಕೆ ಸಿಕ್ಕಿದ್ದು ಒಣ ಕಾಳು. ಕ್ಯಾನರಿ ಕಾಳು, ಬಿಳಿ ಬರಗು, ನೀರು. ಹಕ್ಕಿ ಬದುಕಿತು, ಮರಿಯನ್ನೂ ಮಾಡಿತು. ಬೇಡಿಕೆ ಏರಿದಂತೆ ಫ್ರಾನ್ಸಿನ ತುಲೂಸ್ ಸುತ್ತ ಸಾವಿರಗಟ್ಟಲೆ ಹಕ್ಕಿಗಳ ಸಾಕಣೆ ಕೇಂದ್ರಗಳೆದ್ದವು. ಆಗಲೇ ಒಂದು ಕಾಯಿಲೆ ಕಾಣಿಸಿಕೊಂಡಿತು. ಗೂಡು ಬಿಡುವ ಹೊತ್ತಿಗೆ ಮರಿಯ ರೆಕ್ಕೆ, ಬಾಲದ ಗರಿಗಳು ಮುರಿದು ಉದುರಿ, ಮರಿಗಳು ಹಾರಲಾಗದೆ ನೆಲದಲ್ಲಿ ಓಡಾಡುತ್ತಿದ್ದವು. ಇದಕ್ಕೆ ಫ್ರೆಂಚ್ ಮೋಲ್ಟ್ ಎಂಬ ಹೆಸರು ಬಿತ್ತು. ಮೇವು ಸರಿಯಿಲ್ಲ ಎಂದರು ಕೆಲವರು, ಪೌಷ್ಟಿಕ ಮೇವು ಅತಿಯಾಯಿತು ಎಂದರು ಇನ್ನು ಕೆಲವರು. ಹೇನು ನುಸಿಗಳ ಮೇಲೂ ಅಪವಾದ ಬಂತು. ಕೊನೆಗೆ 1981ರಲ್ಲಿ ಬಡ್ಜಿ ಮರಿಗಳಲ್ಲಿ ಪಾಲಿಯೋಮಾ ವೈರಸ್ ಪತ್ತೆಯಾಯಿತು. ಕೊಕ್ಕು ಮತ್ತು ಗರಿಯ ಕಾಯಿಲೆ ತರುವ ಇನ್ನೊಂದು ವೈರಸ್ಸಿನ ಪಾತ್ರವೂ ಆಮೇಲೆ ತಿಳಿಯಿತು. ತಲೆಮಾರುಗಳ ಕಾಲ ಜನ ಬಟ್ಟಲಿನ ಕಾಳನ್ನೇ ಅನುಮಾನಿಸಿದ್ದರು. ಮರಿಯ ಗರಿ ಉದುರಿದ ಕೂಡಲೇ ಟಾನಿಕ್ ಬಾಟಲಿ ತರುವವರು ಇಂದೂ ಇದ್ದಾರೆ. ಅಂಥವರಿಗೆ ನಾನು ಹೇಳುವುದು ಒಂದೇ: ಮೊದಲು ಹಕ್ಕಿಯನ್ನು ವೈದ್ಯರಿಗೆ ತೋರಿಸಿ. ನಮ್ಮ ಪಕ್ಕದ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

ಬಣ್ಣದ ಕಥೆಯೂ ಹೀಗೆಯೇ. 1870ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾನರಿ ಸಾಕುವವರು ಮೇವಿಗೆ ಕೆಂಪು ಮೆಣಸಿನ ಪುಡಿ ಬೆರೆಸಿ ಹಳದಿ ಹಕ್ಕಿಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿಬಿಟ್ಟರು. ಕ್ಯಾನರಿಗೆ ಆ ಬಣ್ಣ ಊಟದಿಂದ ಬರುತ್ತದೆ. ಗಿಳಿಯ ಜಾತಿಗೆ ಹಾಗಲ್ಲ. ಬಡ್ಜಿಯ ಹಳದಿ ಬಣ್ಣವನ್ನು ಅದರ ಮೈಯೇ ತಯಾರಿಸುತ್ತದೆ, ನೀಲಿ ಹುಟ್ಟುವುದು ಗರಿಯೊಳಗಿನ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದರುವುದರಿಂದ, ಎರಡೂ ಸೇರಿ ಹಸಿರು. 1880ರ ಆಸುಪಾಸಿನಲ್ಲಿ ಬೆಲ್ಜಿಯಂನಲ್ಲಿ ಮೊದಲ ನೀಲಿ ಬಡ್ಜಿಗಳು ಕಂಡಾಗ ಜನ ಬೆರಗಾದರು. ಹಳದಿ ತಯಾರಿಸುವ ಒಂದೇ ಒಂದು ಜೀನ್ ಕೆಟ್ಟರೆ ಹಕ್ಕಿ ನೀಲಿಯಾಗುತ್ತದೆ ಎಂದು ತಿಳಿದದ್ದು 2017ರಲ್ಲಿ. ಬಣ್ಣ ಹೆಚ್ಚಿಸುತ್ತದೆ ಎಂದು ಹೇಳಿ ಮಾರುವ ಪುಡಿಗಳಿಗೆ ಬಡ್ಜಿಯ ವಿಷಯದಲ್ಲಿ ಆಧಾರವಿಲ್ಲ.

1925ರಲ್ಲಿ ಇಂಗ್ಲೆಂಡಿನಲ್ಲಿ ಬಡ್ಜಿ ಸಾಕುವವರ ಸಂಘ ಹುಟ್ಟಿತು. ಆದರ್ಶ ಹಕ್ಕಿ ಹೇಗಿರಬೇಕು ಎಂಬ ಅಳತೆಗೋಲು ಬಂತು. ಕಾಡಿನ ಬಡ್ಜಿ ಸುಮಾರು 30 ಗ್ರಾಂ. ಇಂದಿನ ಪ್ರದರ್ಶನದ ಹಕ್ಕಿ 50 ಗ್ರಾಂ ದಾಟುತ್ತದೆ. ಯುದ್ಧಾನಂತರ ಇಂಗ್ಲೆಂಡಿನ ಹ್ಯಾರಿ ಬ್ರಯನ್, ಮುಂದೆ ಜರ್ಮನಿಯ ಯೋ ಮಾನೆಸ್ ಅಂಥವರು ಹಣೆಯ ಗರಿ ಎದ್ದುನಿಂತು ಹೊರಳುವ ಹಕ್ಕಿಗಳನ್ನು ಆರಿಸಿ ಆರಿಸಿ ಜೋಡಿ ಮಾಡಿದರು. ಗರಿಯ ಉದ್ದ, ಅಗಲ, ಹಣೆಯ ಮೇಲಿನ ಹೊರಳು ಎಲ್ಲ ಬಂದದ್ದು ಆ ಆಯ್ಕೆಯಿಂದ, ರಕ್ತದಿಂದ. ತಂದೆತಾಯಿಯಲ್ಲಿ ಇಲ್ಲದ ಗರಿಯನ್ನು ಯಾವ ಮೇವೂ ತಂದುಕೊಡುವುದಿಲ್ಲ.

ಹಾಗಾದರೆ ಮೇವಿನ ಕೆಲಸವೇನು? ರಕ್ತ ಕೊಟ್ಟ ಗರಿಯನ್ನು ಕೊರತೆಯಿಲ್ಲದೆ ಬೆಳೆಸುವುದು. ಗರಿಯ ಹತ್ತರಲ್ಲಿ ಒಂಬತ್ತು ಪಾಲು ಕೆರಾಟಿನ್ ಎಂಬ ಪ್ರೋಟೀನು. ಅದನ್ನು ನೇಯಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕೇ ಬೇಕು. ಗರಿ ಬೆಳೆಯುತ್ತಿರುವಾಗ ಹಕ್ಕಿ ಹಸಿದರೆ, ಹೆದರಿದರೆ, ಕಾಯಿಲೆ ಬಿದ್ದರೆ, ಆ ಹೊತ್ತಿನ ಗುರುತು ಗರಿಗೆ ಅಡ್ಡವಾಗಿ ತೆಳುವಾದ ಗೆರೆಯಾಗಿ ಉಳಿದುಬಿಡುತ್ತದೆ. ಗರಿ ಮುಂದೆ ಮುರಿಯುವುದೂ ಅಲ್ಲೇ. ಪ್ರದರ್ಶನದ ಹಕ್ಕಿಯದು ದೊಡ್ಡ ಮೈ, ಉದ್ದ ಗರಿ. ಕೊರತೆಯ ಪೆಟ್ಟು ಅದಕ್ಕೆ ಇನ್ನೂ ಜೋರು.

ಹೊಟ್ಟೆ ತುಂಬಿದರೂ ಕೊರತೆ ಇರಬಹುದೆಂಬ ತಿಳಿವಳಿಕೆಯನ್ನು ಜಗತ್ತಿಗೆ ಕೊಟ್ಟದ್ದೂ ಹಕ್ಕಿಗಳೇ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಕಂಡರು. ಜೀವಸತ್ವಗಳ ಶೋಧಕ್ಕೆ ದಾರಿ ತೆರೆದ ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಬಡ್ಜಿಗಳ ಪಾಠ ಆಮೇಲಿನದು. ಬರೀ ಒಣ ಕಾಳು ತಿಂದ ಹಕ್ಕಿಗಳ ಕತ್ತಿನಲ್ಲಿ ಥೈರಾಯ್ಡ್ ಊದಿಕೊಂಡು ಉಸಿರಾಟ ಕೀಚುಗುಡುತ್ತಿತ್ತು. ಕಾರಣ ಅಯೋಡಿನ್ ಇಲ್ಲದ ಕಾಳು. ಎ ಜೀವಸತ್ವ ಸಾಲದೆ ಬಾಯಿ, ಮೂಗಿನ ಒಳಪದರ ಒರಟಾಗುತ್ತಿತ್ತು. ಕ್ಯಾಲ್ಸಿಯಂ ಸಾಲದೆ ಮೊಟ್ಟೆ ಒಳಗೇ ಸಿಕ್ಕಿ ಹೆಣ್ಣು ಹಕ್ಕಿ ಸಾಯುತ್ತಿತ್ತು.

ಇಲ್ಲಿ ನಮ್ಮ ರಾಗಿಯ ಮಾತು ಬರಬೇಕು. ಬಹುತೇಕ ಎಲ್ಲ ಧಾನ್ಯಗಳಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ರಾಗಿಯಲ್ಲಿ ತಿರುವುಮುರುವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ನವಣೆಯಲ್ಲಿ ಇದರ ಹತ್ತನೇ ಒಂದು ಪಾಲು. ಗರಿಗೆ ಬೇಕಾದ ಮೆಥಿಯೋನಿನ್ ಕೂಡ ರಾಗಿಯಲ್ಲಿ ಚೆನ್ನಾಗಿದೆ, ಕೊರತೆ ಇರುವುದು ಲೈಸಿನ್‌ನದು. ಆ ಕೊರತೆಯನ್ನು ಬೇಯಿಸಿದ ಮೊಟ್ಟೆ ತುಂಬುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಇಳಿಯುತ್ತದೆ. ಎಳೆ ಕೂಸಿಗೆ ಮೊಳಕೆ ರಾಗಿಯ ಸರಿ ಮಾಡುವ ನಮ್ಮ ತಾಯಂದಿರಿಗೆ ಈ ವಿದ್ಯೆ ಹೊಸದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದಲೇ ಬಹುಕಾಲ ದೇಶದ ಕಿರುಧಾನ್ಯ ಸಂಶೋಧನೆಯ ಸಮನ್ವಯ ನಡೆದಿತ್ತು. ದೂರದೇಶದ ಡಬ್ಬಿಯ ಮೇವು ಸಿಗಲಿಲ್ಲವೆಂದು ಉತ್ತರ ಬೆಂಗಳೂರಿನ ಹಕ್ಕಿ ಸಾಕುವವರು ಕೊರಗಬೇಕಾದ್ದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಬಟ್ಟಲಿನಲ್ಲಿ ನವಣೆ, ಬರಗು, ಸಾಮೆ, ರಾಗಿ, ಸಿಕ್ಕಿದರೆ ಕ್ಯಾನರಿ ಕಾಳು ಸೇರಿರಲಿ. ಸೂರ್ಯಕಾಂತಿ, ಹುಚ್ಚೆಳ್ಳು ಎಣ್ಣೆಕಾಳುಗಳು. ಹಾರಲು ಜಾಗವಿಲ್ಲದ ಹಕ್ಕಿಗೆ ಅವು ಬೊಜ್ಜು, ಯಕೃತ್ತಿನ ಕಾಯಿಲೆ ತರುತ್ತವೆ. ದಿನಾ ಒಂದಿಷ್ಟು ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಕೊಡಿ, ಎ ಜೀವಸತ್ವದ ಚಿಂತೆ ತೀರುತ್ತದೆ. ಕ್ಯಾಲ್ಸಿಯಂಗಾಗಿ ಗ್ರಂಧಿಗೆ ಅಂಗಡಿಯ ಸಮುದ್ರ ನೊರೆಯ ತುಂಡೊಂದು ಪಂಜರದಲ್ಲಿ ನೇತಾಡುತ್ತಿರಲಿ. ಮರಿ ಇರುವಾಗ, ಗರಿ ಬದಲಾಗುವಾಗ ಮೊಟ್ಟೆ ಹೆಚ್ಚಿಸಿ. ಉಳಿದ ಕಾಲದಲ್ಲಿ ವಾರಕ್ಕೆರಡು ಸಲ ಸಾಕು. ಬೆಳಗಿನ ಬಿಸಿಲು ನೇರವಾಗಿ ಮೈಗೆ ತಾಗಬೇಕು. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಡಿ ಜೀವಸತ್ವ ಹುಟ್ಟಿಸುವ ಕಿರಣ ಒಳಗೆ ಬರುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆ ಸಾವುಗಳಿಂದ. ಜೂನ್ ಬಂದಿತೆಂದರೆ ಕಾಳನ್ನು ಸ್ವಲ್ಪಸ್ವಲ್ಪವೇ ತನ್ನಿ, ಬಿಸಿಲಿಗೆ ಹರಡಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಮೊಳಕೆಯನ್ನು ದಿನಕ್ಕೆ ಎರಡು ಮೂರು ಸಲ ತೊಳೆಯಿರಿ, ಹುಳಿ ನಾತ ಬಂದರೆ ಕೊಡಬೇಡಿ. ಮೊಟ್ಟೆ ಬೆರೆಸಿದ ಮೇವು ಎರಡು ಮೂರು ಗಂಟೆಗಿಂತ ಹೆಚ್ಚು ಬಟ್ಟಲಲ್ಲಿ ಇರಬಾರದು. ಹೊಸ ಮೇವು ಶುರುಮಾಡಿದಾಗ ಹಕ್ಕಿಯನ್ನು ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ಗರಿಯಲ್ಲಿ ತಪ್ಪು ಕಾಣಲು ವಾರಗಳು ಹಿಡಿಯುತ್ತವೆ. ತೂಕದಲ್ಲಿ ಅದು ಎರಡೇ ದಿನದಲ್ಲಿ ಕಾಣಬಹುದು.