ಮನಶ್ಶಾಂತಿ ಎಲ್ಲಿದೆ?

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)





ಶಾಂತಿಯನ್ನು ಹಾರೈಸಿಯೇ ನಾವು ಮಾತು ಆರಂಭಿಸುತ್ತೇವೆ. ಹಾದಿಯಲ್ಲಿ ಎದುರಾದವರಿಗೆ ಶಾಂತಿ ಹಾರೈಸುತ್ತೇವೆ. ನಮಾಝ್ ಮುಗಿಸುವಾಗ ಬಲಕ್ಕೂ ಎಡಕ್ಕೂ ತಿರುಗಿ ಅದನ್ನೇ ಹೇಳುತ್ತೇವೆ. ಇಸ್ಲಾಮ್ ಎಂಬ ಪದದ ಮೂಲಧಾತುವಿನಲ್ಲಿ ಶಾಂತಿಯ ಅರ್ಥವೂ ಇದೆ, ಶರಣಾಗತಿಯ ಅರ್ಥವೂ ಇದೆ. ಆದರೆ ನಾಲಿಗೆಯ ಮೇಲೆ ಇಷ್ಟೊಂದು ಸುಲಭವಾಗಿ ಹರಿದಾಡುವ ಈ ಶಾಂತಿ ನಮ್ಮ ಎದೆಯೊಳಗೆ ಇದೆಯೇ? ಈ ಪ್ರಶ್ನೆಯನ್ನು ಇಂದು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ಹಿಂದಿನ ತಲೆಮಾರಿಗೆ ಇಲ್ಲದ ಅನುಕೂಲಗಳು ನಮಗಿವೆ. ಗಲ್ಫ್‌ಗೆ ಹೋದ ಮಗನ ಕಾಗದಕ್ಕಾಗಿ ತಾಯಿ ವಾರಗಟ್ಟಲೆ ಕಾಯುತ್ತಿದ್ದ ಕಾಲವೊಂದಿತ್ತು. ಇಂದು ಆತನ ಮುಖವನ್ನು ಮೊಬೈಲಿನಲ್ಲಿ ದಿನವೂ ನೋಡಬಹುದು. ಆದರೂ ತಾಯಿಗೆ ನಿದ್ದೆಯಿಲ್ಲ, ಮಗನಿಗೂ ನಿದ್ದೆಯಿಲ್ಲ. ಇತರರ ಮನೆ, ಇತರರ ಕಾರು, ಇತರರ ಮಕ್ಕಳ ಅಂಕಗಳು ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಅಂಗೈಯೊಳಗೆ ಬಂದು ಬೀಳುತ್ತಿವೆ. ಹೋಲಿಕೆ ಎಂಬುದು ಹಿಂದೆ ನೆರೆಮನೆಯವರ ಜೊತೆ ಇತ್ತು, ಇಂದು ಇಡೀ ಜಗತ್ತಿನ ಜೊತೆಗಿದೆ. ಮನುಷ್ಯನ ಹೃದಯವು ಇಷ್ಟೊಂದು ಭಾರವನ್ನು ಹೊರಬಲ್ಲುದೇ?

ಅಶಾಂತಿ ಎಲ್ಲಿದೆಯೋ ಅಲ್ಲಿ ಶಾಂತಿಯ ವ್ಯಾಪಾರವೂ ಇರುತ್ತದೆ. ಒಂದೆಡೆ ದುಬಾರಿ ಶುಲ್ಕ ಪಡೆದು ನೆಮ್ಮದಿ ಕಲಿಸುವ ಶಿಬಿರಗಳಿವೆ. ಇನ್ನೊಂದೆಡೆ ನಮ್ಮದೇ ಸಮುದಾಯದಲ್ಲಿ ತಾಯಿತ ಕಟ್ಟುವ, ನೂಲು ಮಂತ್ರಿಸುವ, ಜಿನ್ನ್ ಬಿಡಿಸುವ ಅಂಗಡಿಗಳಿವೆ. ಹೆಸರು ಬೇರೆಯಾದರೂ ಕಸುಬು ಒಂದೇ. ನೊಂದವನ ಜೇಬಿಗೆ ಕೈ ಹಾಕುವುದು ಮತ್ತು ನೋವಿನ ಕಾರಣವನ್ನು ಮುಟ್ಟದೇ ಇರುವುದು.

ಮದ್ರಸದ ಚಾಪೆಯ ಮೇಲೂ ಅನಂತರ ಕಾಲೇಜಿನ ಬೆಂಚಿನ ಮೇಲೂ ಕುಳಿತು ಕಲಿತ ನಮಗೆ, ಈ ವಿಷಯದಲ್ಲಿ ಮತ್ತೆ ಮತ್ತೆ ನೆನಪಾಗುವವರು ಇಮಾಮ್ ಅಬೂ ಹಾಮಿದ್ ಗಝಾಲಿ(ರ). 1058ರಲ್ಲಿ ಇಂದಿನ ಇರಾನಿನ ತೂಸ್‌ನಲ್ಲಿ ಜನಿಸಿದ ಅವರು, 1091ರಲ್ಲಿ ಸೆಲ್ಜೂಕ್ ಸಚಿವ ನಿಝಾಮುಲ್ ಮುಲ್ಕ್‌ರ ನೇಮಕದಿಂದ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಮುಖ್ಯ ಅಧ್ಯಾಪಕರಾದರು. ಆಗ ಅವರ ವಯಸ್ಸು ಮೂವತ್ತಮೂರರ ಆಸುಪಾಸು. ಮುನ್ನೂರರಷ್ಟು ವಿದ್ಯಾರ್ಥಿಗಳು, ಅರಮನೆಯ ಗೌರವ, ನಾಡೆಲ್ಲಾ ಹೆಸರು. ಆ ಕಾಲದ ಒಬ್ಬ ವಿದ್ವಾಂಸ ಬಯಸಬಹುದಾದುದೆಲ್ಲವೂ ಅವರ ಬಳಿ ಇತ್ತು. ಇಲ್ಲದೇ ಇದ್ದುದು ನೆಮ್ಮದಿ ಮಾತ್ರ.

1095ರಲ್ಲಿ ಒಂದು ದಿನ ಪಾಠ ಹೇಳಲು ಕುಳಿತವರಿಗೆ ನಾಲಿಗೆಯೇ ಏಳಲಿಲ್ಲ. ಅನ್ನ ನೀರು ಗಂಟಲಲ್ಲಿ ಇಳಿಯಲಿಲ್ಲ. ವೈದ್ಯರು ಪರೀಕ್ಷಿಸಿ, ರೋಗ ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದೆ, ಮನಸ್ಸಿನ ಚಿಂತೆ ಕರಗದೆ ಔಷಧಿ ನಾಟದು ಎಂದು ಕೈಚೆಲ್ಲಿದರು. ಇದು ವಿರೋಧಿಗಳು ಕಟ್ಟಿದ ಕಥೆಯಲ್ಲ. ತಮ್ಮ ಆತ್ಮಕಥನವಾದ ‘ಅಲ್ ಮುನ್ಕಿದ್ ಮಿನದ್ದಲಾಲ್’ನಲ್ಲಿ ಸ್ವತಃ ಇಮಾಮರೇ ಇದನ್ನು ದಾಖಲಿಸಿದ್ದಾರೆ. ತನ್ನ ಬೋಧನೆಯ ಉದ್ದೇಶವನ್ನು ಅವರು ಪರಿಶೀಲಿಸಿ ನೋಡಿದರು. ಅಲ್ಲಿ ಅಲ್ಲಾಹನ ಸಂಪ್ರೀತಿಗಿಂತ ಸ್ಥಾನಮಾನ ಮತ್ತು ಕೀರ್ತಿಯ ಹಂಬಲವೇ ದೊಡ್ಡದಾಗಿ ಕಂಡಿತು. ಕರ್ಮ ಧಾರ್ಮಿಕವಾಗಿದ್ದರೂ ಸಂಕಲ್ಪ ಲೌಕಿಕವಾಗಿತ್ತು. ಈ ಬಿರುಕೇ ಅವರನ್ನು ಒಳಗಿನಿಂದ ಒಡೆದಿತ್ತು.

ಅವರು ಕುಟುಂಬದ ಖರ್ಚಿಗೆ ಬೇಕಾದುದನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿದರು. ದಮಸ್ಕಸ್‌ನ ಉಮವಿಯ್ಯಾ ಮಸೀದಿಯ ಮಿನಾರದಲ್ಲಿ ಏಕಾಂತವಾಸ ಮಾಡಿದರು. ಜೆರುಸಲೇಮಿಗೂ ಮಕ್ಕಾ, ಮದೀನಾಗಳಿಗೂ ಯಾತ್ರೆ ಹೋದರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಕ್ಕಳ ಕರೆ ಮತ್ತು ಸಂಸಾರದ ಅಗತ್ಯಗಳು ತನ್ನನ್ನು ಊರಿಗೆ ಎಳೆದು ತಂದವು, ಏಕಾಂತ ಆಗಾಗ ಮುರಿಯುತ್ತಲೇ ಇತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 1106ರಲ್ಲಿ ಅವರು ನೈಶಾಪುರದಲ್ಲಿ ಮತ್ತೆ ಬೋಧನೆಗೆ ಕುಳಿತರು. 1111ರಲ್ಲಿ ತೂಸ್‌ನಲ್ಲಿ ನಿಧನರಾದರು. ಅದೇ ಗ್ರಂಥಗಳು, ಅದೇ ಕಸುಬು. ಬದಲಾದುದು ಉದ್ದೇಶ ಮಾತ್ರ. ಶಾಂತಿಗಾಗಿ ಜಗತ್ತನ್ನು ತೊರೆಯಬೇಕೆಂದು ವಾದಿಸುವವರು ಇಮಾಮರ ನಿರ್ಗಮನವನ್ನು ಮಾತ್ರ ಓದುತ್ತಾರೆ. ಅವರ ಮರಳುವಿಕೆಯನ್ನು ಓದುವುದಿಲ್ಲ.

ಸಹೋದರರೇ, ಪವಿತ್ರ ಕುರ್‌ಆನಿನ ಅರ್ರಅದ್ ಅಧ್ಯಾಯದ 28ನೇ ವಚನವು ಹೃದಯದ ತೃಪ್ತಿಯನ್ನು ದೇವಸ್ಮರಣೆಯೊಂದಿಗೆ ಜೋಡಿಸಿದೆ. ಈ ವಚನವನ್ನು ನಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆದರೆ ಸ್ಮರಣೆಯೆಂದರೆ ತಸ್ಬೀಹ್ ಮಣಿಗಳ ಎಣಿಕೆಯಷ್ಟೇ ಅಲ್ಲ. ದಿನದ ಐದು ನಮಾಝ್‌ಗಳನ್ನೇ ನೋಡಿರಿ. ವ್ಯಾಪಾರ, ಓದು, ಜಗಳ, ಚಿಂತೆ ಯಾವುದರ ನಡುವೆಯಾದರೂ ಐದು ಸಲ ಎದ್ದು ನಿಂತು, ಇದಕ್ಕಿಂತ ದೊಡ್ಡವನೊಬ್ಬನಿದ್ದಾನೆ ಎಂದು ಒಪ್ಪಿಕೊಳ್ಳುವ ಏರ್ಪಾಡು ಅದು. ನಮಾಝ್‌ನಲ್ಲಿ ಮನಸ್ಸು ನಿಲ್ಲದಿರುವುದಕ್ಕೆ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಇಮಾಮ್ ಗಝಾಲಿಯವರು ಎರಡು ಕಾರಣಗಳನ್ನು ಗುರುತಿಸಿದ್ದಾರೆ. ಕಣ್ಣು ಕಿವಿಗಳಿಗೆ ಬೀಳುವ ಹೊರಗಿನ ಸೆಳೆತ ಒಂದು, ಒಳಗಿನ ಚಿಂತೆ ಇನ್ನೊಂದು. ಹೊರಗಿನದನ್ನು ಕಡಿಯಲು ಗೋಡೆಯ ಹತ್ತಿರ ಅಥವಾ ಮಂದ ಬೆಳಕಿನಲ್ಲಿ ನಿಲ್ಲುವಂತೆ ಅವರು ಸಲಹೆ ನೀಡಿದರು. ಇಂದು ಆ ಸೆಳೆತ ನಮ್ಮ ಜೇಬಿನಲ್ಲೇ ಇದೆ. ಮಸೀದಿಯ ಬಾಗಿಲಲ್ಲಿ ನಾವು ಮೊಬೈಲಿನ ಸದ್ದನ್ನು ಅಡಗಿಸುತ್ತೇವೆ, ಸಲಾಮ್ ಹೇಳಿದೊಡನೆ ಪರದೆಯನ್ನು ಬೆಳಗಿಸುತ್ತೇವೆ. ಫಜ್ರ್‌ನ ಬಳಿಕ ಅರ್ಧ ಗಂಟೆ, ಇಶಾದ ಬಳಿಕ ಅರ್ಧ ಗಂಟೆ ಅದನ್ನು ದೂರವಿಡಲು ನಮಗೆ ಸಾಧ್ಯವಿಲ್ಲವೇ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೊಲಗಿಸಬೇಕಾಗಿದೆ. ಯುವಕನೊಬ್ಬ ‘ಮನಸ್ಸಿಗೆ ತುಂಬಾ ಕಷ್ಟವಾಗುತ್ತಿದೆ’ ಎಂದರೆ, ‘ನಿನ್ನ ಈಮಾನ್ ದುರ್ಬಲವಾಗಿದೆ’ ಎಂದು ಬಾಯಿ ಮುಚ್ಚಿಸುವವರು ನಮ್ಮಲ್ಲಿದ್ದಾರೆ. ಪ್ರವಾದಿ ಯಅಕೂಬ್‌ರು(ಅ) ಯೂಸುಫ್‌ರ(ಅ) ಅಗಲಿಕೆಯಲ್ಲಿ ಕಣ್ಣುಗಳು ಬೆಳ್ಳಗಾಗುವಷ್ಟು ದುಃಖಿಸಿದರೆಂದು ಕುರ್‌ಆನ್ ತಿಳಿಸುತ್ತದೆ. ಮರ್ಯಮ್‌ರು(ಅ) ಹೆರಿಗೆಯ ನೋವಿನಲ್ಲಿ, ಇದಕ್ಕಿಂತ ಮೊದಲೇ ಸಾಯಬಾರದಿತ್ತೇ ಎಂದು ಹಂಬಲಿಸಿದರು. ಪ್ರವಾದಿ ಮುಹಮ್ಮದ್(ಸ) ಪುತ್ರ ಇಬ್ರಾಹೀಮರ ಮರಣದಂದು ಕಣ್ಣೀರಿಟ್ಟರು. ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ಇಬ್ಬರನ್ನೂ ಕಳಕೊಂಡ ವರ್ಷವನ್ನು ಇತಿಹಾಸವು ದುಃಖದ ವರ್ಷವೆಂದೇ ಕರೆಯಿತು. ಇವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ದುಃಖ ಬೇರೆ, ರೋಗ ಬೇರೆ. ಹತ್ತನೇ ಶತಮಾನದಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಚರ್ಚಿಸುವ ಗ್ರಂಥ ಬರೆದರು. ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ದುರಾಲೋಚನೆಗಳನ್ನು ಅದರಲ್ಲಿ ಪ್ರತ್ಯೇಕವಾಗಿ ವಿವರಿಸಿದರು. ಅಂತಹ ಪರಂಪರೆಯ ವಾರಸುದಾರರು ಖಿನ್ನತೆಯ ರೋಗಿಯನ್ನು ತಾಯಿತದವನ ಬಳಿಗೆ ಒಯ್ಯುವುದು ನಾಚಿಕೆಗೇಡು. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವು ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯನ್ನು ಆರಂಭಿಸಿದೆ. ಅದರ ಸಂಖ್ಯೆ 14416. ಈ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆಸಿದರೆ ಒಂದು ಜೀವ ಉಳಿಯಬಹುದು. ಔಷಧಿ ಸೇವಿಸುವವನು ದುಆ ಬಿಡಬೇಕಿಲ್ಲ, ದುಆ ಮಾಡುವವನು ಔಷಧಿ ಬಿಡಬಾರದು. ತವಕ್ಕುಲ್‌ನ ಅರ್ಥವೇ ಅದು.

ಇನ್ನು, ನಮಾಝ್ ಇದೆ, ಉಪವಾಸವಿದೆ, ಆದರೂ ನೆಮ್ಮದಿಯಿಲ್ಲ ಎನ್ನುವವರಿದ್ದಾರೆ. ಅವರು ತಮ್ಮ ಲೆಕ್ಕಪುಸ್ತಕವನ್ನೊಮ್ಮೆ ತೆರೆಯಲಿ. ತಂದೆಯ ಆಸ್ತಿಯಲ್ಲಿ ಸಹೋದರಿಯ ಪಾಲನ್ನು ಕೊಡಲಾಗಿದೆಯೇ? ಕೆಲಸದವನ ಕೂಲಿ ಬಾಕಿಯಿದೆಯೇ? ಅನ್ನಿಸಾ ಅಧ್ಯಾಯವು ಮಹ್ರ್ ಕೊಡುವಂತೆ ಪುರುಷನಿಗೆ ಆದೇಶಿಸಿರುವಾಗ, ವರದಕ್ಷಿಣೆ ಪಡೆದು ಹೆಣ್ಣಿನ ತಂದೆಯನ್ನು ಬಡ್ಡಿಯ ಸಾಲಕ್ಕೆ ತಳ್ಳಿದವನು ಯಾವ ಶಾಂತಿಯನ್ನು ಬೇಡುತ್ತಾನೆ? ದಾಸರ ಹಕ್ಕುಗಳನ್ನು ದಾಸರೇ ಕ್ಷಮಿಸಬೇಕು. ನೊಂದಿದ್ದ ಪ್ರವಾದಿವರ್ಯರನ್ನು(ಸ) ಸಾಂತ್ವನಗೊಳಿಸಲು ಅವತೀರ್ಣವಾದ ಅದ್ದುಹಾ ಅಧ್ಯಾಯದಲ್ಲಿ ಕೇವಲ 11 ವಚನಗಳಿವೆ. ಆ ಸಾಂತ್ವನವು ಕೊನೆಗೆ ಅನಾಥನ ಕಡೆಗೆ, ಬೇಡುವವನ ಕಡೆಗೆ ತಿರುಗುತ್ತದೆ. ನಿನಗೆ ಸಮಾಧಾನ ದೊರೆಯಿತು, ಇನ್ನು ಇತರರಿಗೆ ಆಸರೆಯಾಗು ಎಂಬುದೇ ಅದರ ಪಾಠ. ಪರರ ಹಕ್ಕನ್ನು ಕಬಳಿಸಿದ ಎದೆಯಲ್ಲಿ ಸಕೀನತ್ ಇಳಿಯುವುದಿಲ್ಲ.

ಕೊನೆಯದಾಗಿ, ನಮ್ಮ ಅಶಾಂತಿಯೆಲ್ಲವೂ ನಾವೇ ತಂದುಕೊಂಡದ್ದಲ್ಲ. 2022ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಹೊರಡಿಸಿದ ಆದೇಶದ ಬಳಿಕ, ಶಿರವಸ್ತ್ರದ ಕಾರಣಕ್ಕಾಗಿ ವಿದ್ಯಾರ್ಥಿನಿಯರು ಪರೀಕ್ಷೆಯ ಹೊಸ್ತಿಲಲ್ಲಿ ತರಗತಿಯ ಹೊರಗೆ ನಿಲ್ಲಬೇಕಾಯಿತು. ಅಂತಹವರಿಗೆ ‘ಸಹನೆ ವಹಿಸಿ’ ಎಂದಷ್ಟೇ ಹೇಳಿ ಮನೆಗೆ ಕಳುಹಿಸುವುದು ಸಹನೆಯ ಬೋಧನೆಯಲ್ಲ. ಸಬ್ರ್ ಎಂದರೆ ಸ್ಥಿರವಾಗಿ ನಿಲ್ಲುವುದು. ಕಾನೂನಿನ ಹಾದಿಯಲ್ಲಿ, ವಿದ್ಯೆಯನ್ನು ಬಿಡದೆ, ದ್ವೇಷಕ್ಕೆ ದ್ವೇಷವನ್ನು ಉತ್ತರಿಸದೆ ನಿಲ್ಲುವುದು. ಪ್ರವಾದಿ ಮೂಸಾ(ಅ) ತನ್ನ ಎದೆಯನ್ನು ವಿಶಾಲಗೊಳಿಸುವಂತೆ, ನಾಲಿಗೆಯ ತೊಡಕನ್ನು ಬಿಡಿಸುವಂತೆ, ಸಹೋದರನನ್ನು ಸಂಗಾತಿಯಾಗಿ ನೀಡುವಂತೆ ಪ್ರಾರ್ಥಿಸಿದ್ದು ಯಾವಾಗ? ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆ ಬಂದಾಗ. ಅವರು ಶಾಂತಿಯನ್ನು ಬೇಡಿದ್ದು ಮನೆಯಲ್ಲಿ ಕುಳಿತುಕೊಳ್ಳಲಿಕ್ಕಲ್ಲ, ಅರಮನೆಯ ಮುಂದೆ ನಿಂತು ಸತ್ಯ ನುಡಿಯಲಿಕ್ಕೆ. ಒಬ್ಬಂಟಿಯಾಗಿ ಹೋಗಲಾರೆನೆಂದು ಹೇಳಿಕೊಳ್ಳಲು ಅವರು ಸಂಕೋಚಪಡಲಿಲ್ಲ ಎಂಬುದನ್ನೂ ಯುವಕರು ಗಮನಿಸಬೇಕು.

ಆದ್ದರಿಂದ ಇಂದು ಇಲ್ಲಿಂದ ಎದ್ದು ಹೋಗುವಾಗ ಮೂರು ಕೆಲಸಗಳನ್ನು ಜೊತೆಗೆ ಒಯ್ಯೋಣ. ಒಂದು ನಮಾಝನ್ನಾದರೂ ಅವಸರವಿಲ್ಲದೆ ನಿರ್ವಹಿಸೋಣ. ನಮ್ಮ ಕೈಯಲ್ಲಿ ಉಳಿದಿರುವ ಇತರರ ಹಕ್ಕೊಂದನ್ನು ಈ ವಾರದೊಳಗೆ ಹಿಂದಿರುಗಿಸೋಣ. ಮೊಹಲ್ಲಾದಲ್ಲಿ ಮೌನವಾಗಿ ಕುಗ್ಗುತ್ತಿರುವ ಒಬ್ಬನ ಮನೆಗೆ ಹೋಗಿ, ಉಪದೇಶ ಮಾಡದೆ ಆತನ ಮಾತನ್ನು ಕೇಳೋಣ. ನಾವು ಹೇಳುವ ಸಲಾಮ್ ನಾಲಿಗೆಯಿಂದ ಹೃದಯಕ್ಕೆ ಇಳಿಯುವ ದಾರಿ ಅದುವೇ.

ಅಲ್ಲಾಹನು ನಮ್ಮ ಎದೆಗಳನ್ನು ವಿಶಾಲಗೊಳಿಸಲಿ, ನಮ್ಮ ಸಂಕಲ್ಪಗಳನ್ನು ಶುದ್ಧಗೊಳಿಸಲಿ, ಆಮೀನ್.