ನಮಗೆ ಸಮೀಪದ ಕಡಲು: ಪಾಲಾರ್

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಯುವಜನರು ವಾಹನ ಗೊತ್ತುಮಾಡಿಕೊಂಡು ವೇಲಾಂಕಣಿಗೆ ಹೋಗಿಬರುವುದು ಈ ಸೀಮೆಯ ವಾಡಿಕೆ. ಮಾತೆಯ ದರ್ಶನವಾದ ಮೇಲೆ ಎಲ್ಲರೂ ಕಡಲಿಗಿಳಿಯುತ್ತಾರೆ, ಅಲೆಗಳೊಡನೆ ಆಡುತ್ತಾರೆ, ಮರಳಿನ ಮೇಲೆ ಕುಳಿತು ಕರಿದ ಮೀನು ತಿನ್ನುತ್ತಾರೆ. ಊರಿಗೆ ಹಿಂದಿರುಗಿದ ಮರುದಿನವೇ “ನಮ್ಮ ಕಡೆ ನೋಡುವಂಥದ್ದು ಏನಿದೆ?” ಎಂದು ಬೇಸರಪಡುತ್ತಾರೆ. ಈ ಪ್ರಶ್ನೆಗೆ ಉತ್ತರವಾಗಿ ಪಾಲಾರಿನ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಪಾಲಾರ್ ಕಡಲತೀರವಲ್ಲವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೂ ನೀರೇ ನೀರಾಗಿ ಕಣ್ಣು ತುಂಬುವ ದೃಶ್ಯವೊಂದು ನಮಗೆ ಸಮೀಪದಲ್ಲಿದ್ದರೆ ಅದು ಅಲ್ಲಿಯೇ ಇದೆ.

ಮಾದಪ್ಪನ ಬೆಟ್ಟದಿಂದ ಮೆಟ್ಟೂರಿನತ್ತ ಇಳಿಯುವ ದಾರಿ ಕಾಡಿನ ನಡುವೆ ತಿರುಗುತ್ತ, ಬಳುಕುತ್ತ ಸುಮಾರು 20 ಕಿಲೋಮೀಟರ್ ಸಾಗಿ ಪಾಲಾರ್ ಸೇತುವೆಯನ್ನು ಮುಟ್ಟುತ್ತದೆ. ಈಚೆ ದಡ ಕರ್ನಾಟಕ, ಆಚೆ ದಡ ತಮಿಳುನಾಡು. ಸನಿಹದಲ್ಲಿಯೇ ಹೊಳೆ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಕ್ಕೆ ಹರಡಿರುವುದು ಮೆಟ್ಟೂರು ಅಣೆಕಟ್ಟಿನ ಹಿನ್ನೀರು. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ. ಹಿಡಿಯುವ ನೀರು 93.47 ಟಿ.ಎಂ.ಸಿ. ಆಗಿನ ಮದರಾಸು ಗವರ್ನರರ ಹೆಸರಿನಲ್ಲಿ ಅದಕ್ಕೆ ಸ್ಟ್ಯಾನ್ಲಿ ಜಲಾಶಯವೆಂಬ ಹೆಸರೂ ಉಂಟು. ಆ ಕಾಲಕ್ಕೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂದಿತು. ನಡುವೆ ಗಡಿ ಬಿದ್ದುದು ಆ ಬಳಿಕ. ಬಾಂಧವ್ಯ, ಭಾಷೆ, ಮದುವೆ-ಮುಂಜಿಗಳಿಗೆ ಗಡಿ ಇಂದಿಗೂ ಬಿದ್ದಿಲ್ಲ.

ಹೊಳೆಯ ಹೆಸರೇ ಇದಕ್ಕೆ ಸಾಕ್ಷಿ. ಪಾಲ್ ಎಂದರೆ ಹಾಲು, ಆರು ಎಂದರೆ ಹೊಳೆ. ಇದು ತಮಿಳೆಂದು ಕೆಲವರು ಮುಖ ತಿರುಗಿಸುತ್ತಾರೆ. ಆದರೆ ಹಳಗನ್ನಡದವರೂ ಹಾಲನ್ನು ಪಾಲ್ ಎಂದೇ ಕರೆದರು. ಪುಲಿ ಹುಲಿಯಾದಂತೆ, ಪೂ ಹೂವಾದಂತೆ ಪಾಲ್ ಹಾಲಾಯಿತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ವೇಲೂರಿನ ಮೇಲೆ ಹಾದು ನೇರವಾಗಿ ಕಡಲು ಸೇರುವ ದೊಡ್ಡ ಪಾಲಾರ್ ಬೇರೆ. ನಮ್ಮದು ಬೆಟ್ಟಗಳ ನಡುವಣ ಕಾಡುಹೊಳೆ. ಮಾದಪ್ಪನ ಬೆಟ್ಟದಲ್ಲಿ ದೀಪಾವಳಿಯ ಹೊತ್ತಿಗೆ ಬೇಡಗಂಪಣ ಕುಲದ 101 ಹೆಣ್ಣುಮಕ್ಕಳು ಹಾಲರೆ ಹಳ್ಳದಿಂದ ಕೊಡಗಳಲ್ಲಿ ನೀರು ಹೊತ್ತು ತರುವ ಹಾಲರವಿ ಉತ್ಸವವನ್ನು ತಾವು ಕಂಡಿರಬಹುದು. ಈ ಬೆಟ್ಟಗಳ ಜನರಿಗೆ ಹರಿಯುವ ನೀರು ಹಾಲಿನಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಅಲ್ಲಿ ಮಾಡಬಹುದಾದುದೇನು? ಮೊದಲು ಮಾಡಬಾರದುದನ್ನು ಹೇಳುತ್ತೇವೆ. ನೀರಿಗಿಳಿಯಬಾರದು. ವೇಲಾಂಕಣಿಯ ಅಭ್ಯಾಸವನ್ನು ಇಲ್ಲಿಗೆ ತರಬೇಡಿರಿ. ಕಾವೇರಿಯ ಈ ಭಾಗದಲ್ಲಿ ಮೊಸಳೆಗಳಿವೆ. ಮೇಲೆ ಶಾಂತವಾಗಿ ತೋರುವ ನೀರಿನ ಅಡಿಯಲ್ಲಿ ಹೂಳು, ಮಡು, ಸೆಳೆತ ಎಲ್ಲವೂ ಇವೆ. ಕಬಿನಿಯಿಂದಲೋ ಕೃಷ್ಣರಾಜಸಾಗರದಿಂದಲೋ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಈಜು ಬಲ್ಲೆನೆಂಬ ಧೈರ್ಯ ಊರ ಬಾವಿಗೆ ಸಾಕು, ಕಾವೇರಿಗೆ ಸಾಲದು.

ಎರಡನೆಯದಾಗಿ, ದಾರಿಯ ಇಕ್ಕೆಲಗಳ ಕಾಡು 2013ರಲ್ಲಿ ಘೋಷಿತವಾದ, 906 ಚದರ ಕಿಲೋಮೀಟರ್ ವಿಸ್ತಾರದ ಮಲೆ ಮಹದೇಶ್ವರ ವನ್ಯಧಾಮಕ್ಕೆ ಸೇರಿದ್ದು. ಅಲ್ಲಿ ವಾಹನ ನಿಲ್ಲಿಸಿ ಒಲೆ ಹೂಡುವುದು, ಕೋತಿಗಳಿಗೆ ತಿಂಡಿ ಎಸೆಯುವುದು, ಆನೆಯನ್ನು ಕಂಡು ಕೂಗೆಬ್ಬಿಸುವುದು ಇವೆಲ್ಲ ಅಪರಾಧವೂ ಹೌದು, ಅವಿವೇಕವೂ ಹೌದು. ಮೌನವಾಗಿ ಕಣ್ಣು ತೆರೆದು ಕುಳಿತವನಿಗೆ ಮಾತ್ರ ಕಾಡು ಏನನ್ನಾದರೂ ತೋರಿಸೀತು. ಹೊಳೆಯ ಅಂಚಿನ ಮತ್ತಿಮರಗಳನ್ನು ನೋಡಿರಿ. ಕಾವೇರಿಯ ದಂಡೆಯ ಇಂಥ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲೊಂದು ವಾಸಿಸುತ್ತದೆ. ದೇಶದಲ್ಲಿಯೇ ಅದು ಕೆಲವೇ ಕಡೆ ಉಳಿದಿದೆ. ನೀರುನಾಯಿಗಳ ಹಿಂಡು ಬೆಳಗಿನ ಹೊತ್ತು ಬಂಡೆಯ ಮೇಲೆ ಮೈ ಒಣಗಿಸುವುದೂ ಅದೃಷ್ಟವಿದ್ದರೆ ಕಂಡೀತು. ಒಂದು ಕಾಲಕ್ಕೆ ಆಳೆತ್ತರದ ಮೀನುಗಳಿಗೆ ಹೆಸರಾದ ಕಾವೇರಿಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಬಲೆಗಿಂತಲೂ ಹೆಚ್ಚಾಗಿ ಅದನ್ನು ಕೊಂದದ್ದು ನೀರಿಗೆ ಸಿಡಿಮದ್ದು ಎಸೆಯುವವರ ಆತುರ ಎಂಬುದು ನಮ್ಮ ಅಭಿಪ್ರಾಯ.

ಸಿಡಿಮದ್ದಿನ ಮಾತು ಬಂದ ಮೇಲೆ ಇನ್ನೊಂದು ವಿಷಯವನ್ನು ಬಿಟ್ಟು ಮುಂದೆ ಹೋಗಲಾಗದು. ಹೊರಗಿನವರಿಗೆ ಪಾಲಾರ್ ಎಂದರೆ ಒಂದೇ ಒಂದು ದಿನ. 1993ರ ಏಪ್ರಿಲ್ 9. ಅಂದು ಶುಭ ಶುಕ್ರವಾರ. ವೀರಪ್ಪನ್‌ನ ಗುಂಪು ದಾರಿಯಲ್ಲಿ ಹುಗಿದಿಟ್ಟಿದ್ದ ನೆಲಬಾಂಬುಗಳು ಸಿಡಿದು, ಅವನನ್ನು ಹುಡುಕಿ ಹೊರಟಿದ್ದ ತಂಡದ 22 ಮಂದಿ ಮಡಿದರು: ಪೊಲೀಸರು, ಅರಣ್ಯ ಸಿಬ್ಬಂದಿ, ಅವರಿಗೆ ನೆರವಾಗಿದ್ದ ಮಾಹಿತಿದಾರರು. ಆ ಬಳಿಕ ನಮ್ಮ ಹಳ್ಳಿಗಳ ಮೇಲೆ ಬಿದ್ದ ಸಂಶಯದ ಭಾರವನ್ನು ಇಲ್ಲಿರುವ ಹಿರಿಯರಿಗೆ ನಾವು ನೆನಪಿಸಬೇಕಾಗಿಲ್ಲ. ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಸೆರೆಯಲ್ಲಿದ್ದವರಲ್ಲಿ ಹೆಚ್ಚಿನವರನ್ನು ಮೈಸೂರಿನ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು. ಕಾರ್ಯಾಚರಣೆಯ ಕಾಲದಲ್ಲಿ ನೊಂದ 89 ಮಂದಿಗೆ ಪರಿಹಾರ ನೀಡುವಂತೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಸೂಚಿಸಿತು. ಈ ದಾರಿಯಲ್ಲಿ ಪ್ರಯಾಣಿಸುವಾಗ ಸತ್ತವರಿಗಾಗಿ ಒಂದು ಕ್ಷಣ ಮೌನವಾಗಿರಿ. ಸೆರೆಮನೆಯಲ್ಲಿ ಯೌವನ ಕಳೆದವರನ್ನೂ ಅದೇ ಕ್ಷಣದಲ್ಲಿ ನೆನೆಯಿರಿ. ಆ ಜಾಗದಲ್ಲಿ ನಕ್ಕು ಛಾಯಾಚಿತ್ರ ತೆಗೆಸಿಕೊಳ್ಳುವವರನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಗಡಿಯ ಹೊಳೆಗೆ ಇಂದಿಗೂ ಪೂರ್ಣ ಶಾಂತಿ ದೊರೆತಿಲ್ಲ. 2023ರ ಫೆಬ್ರವರಿಯಲ್ಲಿ, ಬೇಟೆಗಾರರೆಂಬ ಶಂಕೆಯ ಮೇಲೆ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದ ಬಳಿಕ ಆಚೆ ದಡದ ಮೀನುಗಾರನೊಬ್ಬನ ಶವ ನೀರಿನಲ್ಲಿ ದೊರೆಯಿತು, ಬಸ್ಸುಗಳು ನಿಂತವು. ಎರಡೂ ದಡಗಳಲ್ಲಿ ನೆಂಟರಿರುವ ನಮ್ಮಂಥವರಿಗೆ ಇದು ಕೇವಲ ಪತ್ರಿಕೆಯ ಸುದ್ದಿಯಲ್ಲ.

ಪಾಲಾರಿನಿಂದ ಕಾಡಿನ ದಾರಿಯಲ್ಲಿ ಗೋಪಿನಾಥಕ್ಕೆ ಹೋಗಬಹುದು. ವೀರಪ್ಪನ್ ಹುಟ್ಟಿದ ಊರೆಂದು ಅದನ್ನು ನೋಡಬಯಸುವವರೇ ಹೆಚ್ಚು. ನಾವಾದರೋ ತಮ್ಮನ್ನು ಅಲ್ಲಿಯ ಮಾರಿಯಮ್ಮನ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಬಯಸುತ್ತೇವೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಊರವರಿಗಾಗಿ ಕಟ್ಟಿಸಿದ ಗುಡಿ ಅದು. ಬಂದೂಕಿಗಿಂತ ಜನರ ವಿಶ್ವಾಸ ದೊಡ್ಡದೆಂದು ನಂಬಿ ನಡೆದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಮೋಸದಿಂದ ಕರೆಸಿ ಕೊಂದನು. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ಊರವರು ಅವರ ಭಾವಚಿತ್ರವನ್ನು ಗುಡಿಯಲ್ಲಿರಿಸಿದರು. ಎರಡನೆಯ ಗೌರವ ಹೆಚ್ಚು ಅಪರೂಪದ್ದು. ಊರಿಗೆ ಸಮೀಪದಲ್ಲಿ ಕೆರೆಯಂಥ ಚಿಕ್ಕ ಜಲಾಶಯವಿದೆ. ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ಪ್ರವಾಸಿಗರಿಗಾಗಿ ಶಿಬಿರವನ್ನೂ ತೆರೆಯಿತು.

ಅದೇ ದಿಕ್ಕಿನಲ್ಲಿ ಮುಂದೆ ಹೊಗೆನಕಲ್. ಹೊಗೆಯಾಡುವ ಕಲ್ಲು, ಹೆಸರು ಅಚ್ಚಗನ್ನಡ. ಅಲ್ಲಿ ಹರಿಗೋಲಿನಲ್ಲಿ ಕುಳಿತು ಬಂಡೆಗಳ ನಡುವೆ ತಿರುಗುವುದು, ಹೆಂಗಸರು ಕಣ್ಣೆದುರೇ ಮಸಾಲೆ ಹಚ್ಚಿ ಕರಿದುಕೊಡುವ ಮೀನು ತಿನ್ನುವುದು, ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳುವುದು ಎಲ್ಲರಿಗೂ ತಿಳಿದ ಸಂತೋಷಗಳೇ. ಪ್ರವಾಹದ ದಿನಗಳಲ್ಲಿ ಹರಿಗೋಲು, ಸ್ನಾನ ಎರಡನ್ನೂ ನಿಷೇಧಿಸುತ್ತಾರೆ. ಅಂಥ ದಿನ ಅಂಬಿಗನನ್ನು ಗುಟ್ಟಾಗಿ ಪೀಡಿಸಬಾರದು.

ಕೊನೆಯದಾಗಿ, ಪಾಲಾರ್ ದಾಟಿ ಕೊಳತ್ತೂರಿನತ್ತ ಹೋದರೆ ಸಿಗುವ ಪಣ್ಣವಾಡಿಯ ವಿಷಯ. ಅಣೆಕಟ್ಟು ಕಟ್ಟಿದಾಗ ಅಲ್ಲಿಯ ಊರುಗಳು ಮುಳುಗಿದವು. ಜನರು ಎದ್ದು ಬೇರೆಡೆ ನೆಲೆಸಿದರು. ಎದ್ದು ಹೋಗಲಾರದವು ಅಲ್ಲಿಯೇ ನಿಂತವು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಮೊದಲು ಹಳೆಯ ಕ್ರೈಸ್ತ ದೇವಾಲಯವೊಂದರ ಜೋಡಿ ಗೋಪುರ ಮೇಲೇಳುತ್ತದೆ. ಇನ್ನೂ ಇಳಿದರೆ ಜಲಕಂಠೇಶ್ವರನ ಗುಡಿಯ ಮುಂದಿನ ನಂದಿಯ ತಲೆ ಕಾಣಿಸುತ್ತದೆ. ನೀರು ಬಿಟ್ಟುಕೊಟ್ಟ ಕಪ್ಪು ನೆಲವನ್ನು ರೈತರು ಉತ್ತು ಎಳ್ಳು, ರಾಗಿ, ಸೌತೆ ಬೆಳೆಯುತ್ತಾರೆ. ಮಳೆಗಾಲ ಬರುವ ಮೊದಲು ಕೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಳುಗಿದ ಆ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರು, ವಿವಾಹವಾದವರು, ಅದರ ಅಂಗಳದಲ್ಲಿ ಮಣ್ಣಾದವರು ನಮ್ಮಂಥ ರೈತ ಕುಟುಂಬಗಳವರೇ. ನೂರು ವರ್ಷ ಒಂದೇ ನೆಲದ ಮೇಲೆ ನಿಂತಿರುವ ನಮ್ಮ ದೇವಾಲಯದ ಮಕ್ಕಳು ಅದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನಮ್ಮ ಆಸೆ.

ಮೆಟ್ಟೂರಿನ ನೀರಿನ ಮಟ್ಟ ತಮಿಳು ಪತ್ರಿಕೆಗಳಲ್ಲಿ ದಿನವೂ ಪ್ರಕಟವಾಗುತ್ತದೆ. ನೂರು ಅಡಿಯ ಮೇಲಿದ್ದರೆ ಪಾಲಾರಿನಲ್ಲಿ ಕಡಲಿನಂಥ ನೀರನ್ನು ನೋಡಿ ಹಿಂದಿರುಗಿರಿ. ಬಹಳ ಇಳಿದಿದ್ದರೆ ಬುತ್ತಿ ಕಟ್ಟಿಕೊಂಡು ಪಣ್ಣವಾಡಿಯವರೆಗೆ ಹೋಗಿರಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು ಲೇಸು. ಕತ್ತಲಾಗುವ ಮುನ್ನ ಘಟ್ಟ ಹತ್ತಿ ಬೆಟ್ಟವನ್ನು ಸೇರಿಬಿಡಬೇಕು.