ಇವತ್ತು ಎದ್ದೆ, ನಾಳೆ ಗೊತ್ತಿಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೊಡೆತ, ಬಡಿತ, ವರದಕ್ಷಿಣೆಯ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಇವತ್ತು ಬಾಸುಂಡೆ ಕಾಣದ ಒಂದು ಸಂಕಟದ ಬಗ್ಗೆ ಹೇಳುತ್ತೇನೆ.

ರೋಗಾಣುಗಳ ಜೊತೆ ಹೋರಾಡಲು ನಮ್ಮ ದೇಹದಲ್ಲಿ ಒಂದು ಕಾವಲು ಇದೆ. ಕೆಲವರಲ್ಲಿ ಈ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ತಿಳಿದು ಹೊಡೆಯತೊಡಗುತ್ತಾನೆ. ಮುಖ್ಯವಾಗಿ ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಮೂತ್ರಪಿಂಡ ಎಂದು ಎಲ್ಲೆಂದರಲ್ಲಿ ಬೀಳುವುದು ಲೂಪಸ್. ಲೂಪಸ್ ಬಂದ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು, ಅದೂ ಹೆಚ್ಚಾಗಿ 15ರಿಂದ 45 ವಯಸ್ಸಿನವರು. ಮದುವೆ, ಬಸಿರು, ಬಾಣಂತನ, ಕೂಲಿ ಎಲ್ಲ ಒಟ್ಟಿಗೆ ತಲೆಯ ಮೇಲಿರುವ ವಯಸ್ಸು. ಸಂಧಿವಾತವೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇವು ಅಂಟುರೋಗಗಳಲ್ಲ, ಯಾರ ಪಾಪದ ಫಲವೂ ಅಲ್ಲ.

ನೋವಿಗಿಂತ ಹೆಚ್ಚು ಕಾಡುವುದು ನಾಳೆ ಹೇಗಿರುತ್ತೇನೋ ಎಂಬ ಅನುಮಾನ. ಸೋಮವಾರ ಬಟ್ಟೆ ಒಗೆದವಳಿಗೆ ಮಂಗಳವಾರ ಲೋಟ ಹಿಡಿಯಲಾಗದು. ಬೆಳಿಗ್ಗೆ ಒಂದು ಗಂಟೆಗೂ ಮೀರಿ ಬೆರಳು ಮಡಚಲು ಬಾರದು, ಮಧ್ಯಾಹ್ನ ಸ್ವಲ್ಪ ಸಡಿಲ. ನೋಡಿದವರು ಏನೆನ್ನುತ್ತಾರೆ? ‘ಕೆಲಸ ಎಂದರೆ ನೋವು, ಊಟ ಎಂದರೆ ಗಟ್ಟಿ.’ ರೋಗ ಯಾವುದೆಂದು ಗೊತ್ತಾಗುವುದಕ್ಕೇ ಕೆಲವರಿಗೆ ವರ್ಷಗಳು ಹಿಡಿಯುತ್ತವೆ. ಒಂದೇ ರಕ್ತಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಅಷ್ಟರಲ್ಲಿ ಅವಳಿಗೆ ತನ್ನ ಮೇಲೇ ನಂಬಿಕೆ ಹೋಗಿರುತ್ತದೆ. ನಾನೇ ಸೋಮಾರಿಯೇ? ಹಬ್ಬಕ್ಕೆ ಬರುತ್ತೇನೆಂದು ಹೇಳಲಿಕ್ಕೆ ಭಯ, ಸಾಲಕ್ಕೆ ಹೆಸರು ಕೊಡಲಿಕ್ಕೆ ಭಯ. ಹೀಗೆ ಹೆದರಿ ಹೆದರಿ ಒಂದು ದಿನ ಅವಳು ಮಾತನ್ನೇ ಬಿಡುತ್ತಾಳೆ.

ಇಂಥ ರೋಗಿಗಳಲ್ಲಿ ಖಿನ್ನತೆ, ಆತಂಕ ಬೇರೆಯವರಿಗಿಂತ ಹೆಚ್ಚು. ಅದು ಮನಸ್ಸಿನ ದೌರ್ಬಲ್ಯವಲ್ಲ. ಲೂಪಸ್ ಕೆಲವರಲ್ಲಿ ಮೆದುಳನ್ನೂ ಮುಟ್ಟುತ್ತದೆ. ಸ್ಟಿರಾಯ್ಡ್ ಮಾತ್ರೆಯಿಂದ ನಿದ್ದೆ ಕೆಡಬಹುದು, ಸಿಟ್ಟು, ಅಳು ಬರಬಹುದು. ಹಾಗಂತ ಅದನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು. ಇನ್ನೊಂದು ಮಾತು, ಇದನ್ನು ಎಲ್ಲರೂ ನೆನಪಿಡಿ: ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ವಿಷವಾಗುತ್ತದೆ. ಬಸಿರಾಗಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಈಗ ಮನೆಯ ವಿಷಯಕ್ಕೆ ಬರೋಣ. ‘ರೋಗ ಮುಚ್ಚಿಟ್ಟು ಮದುವೆ ಮಾಡಿದಿರಿ’ ಎಂದು ತವರಿಗೆ ಅಟ್ಟುವುದನ್ನು ನಾವು ನೋಡಿಲ್ಲವೆ? ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಂದ ರೋಗಕ್ಕೂ ಅದೇ ಮಾತು. ‘ಔಷಧಿಯ ದುಡ್ಡು ನಿಮ್ಮಪ್ಪನಿಂದ ತಾ’ ಎನ್ನುವುದು ನನ್ನ ದೃಷ್ಟಿಯಲ್ಲಿ ವರದಕ್ಷಿಣೆಯ ಇನ್ನೊಂದು ಕಂತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಹೊಡೆತವೊಂದೇ ದೌರ್ಜನ್ಯವಲ್ಲ. ಹೆಂಡತಿಯ ದೇಹದ, ಮನಸ್ಸಿನ ಆರೋಗ್ಯಕ್ಕೆ ಹಾನಿ ಮಾಡುವುದು, ಹೀಯಾಳಿಸುವುದು, ಬೇಕಾದ ಹಣ ಕೊಡದೆ ಸತಾಯಿಸುವುದು ಕೂಡ ಅದರಲ್ಲಿ ಸೇರಿದೆ. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

ಎರಡು ವಾರ ಬಿಡದೆ ಬೇಸರ, ನಿದ್ದೆಯಿಲ್ಲ, ಯಾವುದೂ ಬೇಡ ಅನ್ನಿಸಿದರೆ ಕೀಲಿನ ವೈದ್ಯರಿಗೇ ಅದನ್ನೂ ಹೇಳಿ. ಸಾಯಬೇಕೆನ್ನಿಸಿದರೆ ಒಂದು ದಿನವೂ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಮ್ಮ ಸಂಘಗಳದ್ದೇ ಒಂದು ವಿಷಯ. ವಾರದ ಸಭೆಗೆ ಬರದವರಿಗೆ ದಂಡ ಹಾಕುತ್ತೇವಲ್ಲ, ಕೈಕಾಲು ಹಿಡಿದುಕೊಂಡ ದಿನ ಇಂಥವಳು ಹೇಗೆ ಬಂದಾಳು? ಆ ದಿನ ಪಕ್ಕದ ಮನೆಯವಳ ಕೈಲಿ ಉಳಿತಾಯದ ಹಣ ಕಳಿಸಿದರೆ ಸಾಕು, ದಂಡವಿಲ್ಲ ಎಂದು ಪುಸ್ತಕದಲ್ಲಿ ಬರೆದುಕೊಳ್ಳಬಹುದೆ? ಚಹಾ ಬರುವಷ್ಟರಲ್ಲಿ ಇದನ್ನು ನಿಮ್ಮ ನಿಮ್ಮಲ್ಲಿ ಮಾತಾಡಿಕೊಳ್ಳಿ.